ತೋಮೆ ಎಂದರೆ ಸಾಕು

ಭಾವನಾ ಮುದುಕರ ಬಲಗೈಯನ್ನು ಕೋಟಿನ ತೋಳಿನೊಳಗೆ ತೂರಿಸಲು ಹೆಣಗುತ್ತಿದ್ದಳು. ಪಾರ್ಶ್ವವಾಯು ಬಡಿದ ಆ ಕೈ ಒದ್ದೆ ಬಟ್ಟೆಯಂತೆ ಜಾರಿ ಜಾರಿ ತೊಡೆಯ ಮೇಲೆ ಬೀಳುತ್ತಿತ್ತು.

"ಅಂಕಲ್, ಸ್ವಲ್ಪ ಮುಂದಕ್ಕೆ ಬಗ್ಗಿ."

ಗಾಲಿಕುರ್ಚಿಯಲ್ಲಿ ಕೂತಿದ್ದ ಅನಂತರಾಮಯ್ಯ ಬಗ್ಗಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದರು. ಡಚ್ಚರ ನಾಡಿನ ಈ ಎನ್ಸ್‌ಕೆಡೆ ಊರಿನ ಮೇಲೆ ನವೆಂಬರಿನ ಮಂಜು ಕೂತಿತ್ತು. ಎದುರಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಬೇಸಿಗೆಯ ವಿಶ್ವಕಪ್ಪಿಗೆಂದು ಯಾರೋ ಕಟ್ಟಿದ್ದ ಕಿತ್ತಳೆ ಬಾವುಟ ನೆನೆದು ಕಂಬಕ್ಕೆ ಅಂಟಿಕೊಂಡಿತ್ತು. ಹೆಂಡತಿ ತೀರಿಕೊಂಡ ದಿನವೇ ಅವರನ್ನು ಈ ಶುಶ್ರೂಷಾಲಯಕ್ಕೆ ತಂದು ಸೇರಿಸಿದ್ದರು. ಮಕ್ಕಳಿರಲಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಎರಡು ಬೀದಿ ಆಚೆಗಿದ್ದ ಭಾವನಾ, ಇಲ್ಲಿನ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಅವಳ ಗಂಡ ಚೇತನ್, ಇವರಿಬ್ಬರೇ ಊರಿನಲ್ಲಿದ್ದ ಕನ್ನಡದವರು.

"ಇವತ್ತು ಆಂಟೀದು ಅಂಕಲ್. ಗೊತ್ತಲ್ಲ?"

"ಸಾಕು," ಎಂದರು ಮುದುಕರು.

ಕನ್ನಡ, ಇಂಗ್ಲಿಷ್, ಡಚ್, ಜಪಾನಿ ನಾಲ್ಕನ್ನೂ ನೀರು ಕುಡಿದಂತೆ ಆಡುತ್ತಿದ್ದ ಮನುಷ್ಯನ ಬಾಯಲ್ಲಿ ಕಾಯಿಲೆ ಉಳಿಸಿಹೋದದ್ದು ಅದೊಂದೇ ಮಾತು. ಬೇಕೆಂದರೂ ಸಾಕು, ಬೇಡವೆಂದರೂ ಸಾಕು. ಬೇರೆಯವರು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಿರುಗಿ ಹೇಳಲು ಮಾತ್ರ ಅದೊಂದೇ. ಸತ್ತುಹೋದ ಹೆಂಡತಿಯನ್ನು ಅವರು ಜೀವಮಾನವೆಲ್ಲ ಕರೆದದ್ದೂ ಹಾಗೆಯೇ, ಸಾಕು ಎಂದು. ಜಪಾನಿನಲ್ಲಿ ಹುಟ್ಟಿದ ಆಕೆಯ ನಿಜವಾದ ಹೆಸರು ತೋಮೆ.

ನರ್ಸ್ ಹೆನ್ನಿ ಒಳಗೆ ಬಂದು ಕೋಟನ್ನು ಭಾವನಾಳ ಕೈಯಿಂದ ತೆಗೆದುಕೊಂಡಳು. "ಕಾಯಿಲೆ ಕೈಯನ್ನ ಮೊದಲು ಹಾಕಬೇಕು, ಆಮೇಲೆ ಒಳ್ಳೆ ಕೈ," ಎಂದು ಡಚ್ಚಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದಳು. ದಪ್ಪನೆಯ, ಕೆಂಪು ಕೆನ್ನೆಯ, ಒಳ್ಳೆಯ ಹೆಂಗಸು. ಕ್ಷಣದಲ್ಲಿ ಕೋಟು ತೊಡಿಸಿ, ಗುಂಡಿ ಹಾಕಿ, ಮುದುಕರ ಕೂದಲನ್ನು ಅಂಗೈಯಿಂದ ಒತ್ತಿ ಕೂರಿಸಿದಳು. "ಪಾಪ. ಎಷ್ಟು ವರ್ಷದ ಸಂಸಾರವೋ."

ಭಾವನಾಳಿಗೂ ಅವರನ್ನು ನೋಡಿ ಅಯ್ಯೋ ಅನ್ನಿಸುತ್ತಿತ್ತು.

* * *

ಹಿಂದಿನ ವರ್ಷದ ಒಂದು ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮೇಲೆ ಬೀನ್ಸ್ ಹೆಚ್ಚುತ್ತ ತೋಮೆ ತಮ್ಮ ಹೆಸರಿನ ಕತೆ ಹೇಳಿದ್ದರು. ಅವರ ಕನ್ನಡ ಮೈಸೂರಿನ ಹಳೇ ಅಗ್ರಹಾರದ ಕನ್ನಡ, ಅತ್ತೆಯಿಂದ ಕಲಿತದ್ದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಭಾವನಾಳಿಗೆ ತನ್ನ ಅಜ್ಜಿಯೇ ಮಾತಾಡಿದಂತೆ ಆಗುತ್ತಿತ್ತು.

"ನಮ್ಮದು ಹಿಮ ಬೀಳೋ ಊರು. ಮನೇಲಿ ರೇಷ್ಮೆ ಹುಳ ಸಾಕ್ತಿದ್ವಿ. ಮೂರು ಹೆಣ್ಣಾದ ಮೇಲೆ ನಾನು ಹುಟ್ಟಿದೆ. ನಮ್ಮಪ್ಪ ಮುಖ ಸಹ ನೋಡ್ಲಿಲ್ವಂತೆ. ತೋಮೆ ಅಂತ ಬರೆಸಿಬಿಡಿ ಅಂದನಂತೆ. ತೋಮೆ ಅಂದ್ರೆ ನಿಲ್ಸು. ಹೆಣ್ಣು ಬರೋದು ಇಲ್ಲಿಗೆ ನಿಲ್ಲಲಿ ಅಂತ. ಆಗೆಲ್ಲ ಬೀದಿಗೊಬ್ಬಳು ತೋಮೆ ಇರ್ತಿದ್ದಳು. ಯಾರೂ ಅದನ್ನ ಬೈಗುಳ ಅಂದ್ಕೊಳ್ತಿರಲಿಲ್ಲ."

"ನಮ್ಮಲ್ಲೂ ಇದೆ ಆಂಟಿ," ಎಂದಳು ಭಾವನಾ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಇದೆಯಲ್ಲ. ಇವರೂ ಅದನ್ನೇ ಅಂದ್ರು."

ಅನಂತರಾಮ ರೇಷ್ಮೆ ನೇಯ್ಗೆ ಕಲಿಯಲು ಸರ್ಕಾರದ ಖರ್ಚಿನಲ್ಲಿ ಕ್ಯೋಟೋಗೆ ಹೋಗಿದ್ದ ಹುಡುಗ. ಆಕೆ ಮಿಲ್ಲಿನ ಕ್ಯಾಂಟೀನಿನಲ್ಲಿ ಅನ್ನ ಬಡಿಸುವವಳು. ಮದುವೆಯ ಮಾತು ಬಂದಾಗ ತೋಮೆ ತಾನಾಗಿ ಹೆಸರಿನ ಅರ್ಥ ಹೇಳಿದ್ದಳು. ಮೈಯಲ್ಲಿ ರೋಗವಿದ್ದರೆ ಮೊದಲೇ ಹೇಳಿಬಿಡಬೇಕಲ್ಲ, ಹಾಗೆ. ಅವನು ಅವಳ ಕೈ ಹಿಡಿದುಕೊಂಡು ನಕ್ಕಿದ್ದ. ಆ ನಗುವನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

ಮೈಸೂರಿಗೆ ಬಂದ ಮೊದಲ ದಿನ ಅತ್ತೆ ಅವಳನ್ನು ಒಳಗೆ ಕೂರಿಸಲಿಲ್ಲ. ಜಗಲಿಯಲ್ಲಿ ಎಲೆ ಹಾಕಿ ಬಡಿಸಿದರು. ಎಲೆಯಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನವೆಂದು ಅವಳು ಬಡಿಸಿದ್ದನ್ನೆಲ್ಲ ತಿಂದಳು. ತಿಂದಷ್ಟೂ ಅವರು ಬಡಿಸಿದರು. ಕಣ್ಣಲ್ಲಿ ನೀರು ಬಂದಾಗ ಗಂಡ ಬಗ್ಗಿ ಜಪಾನಿಯಲ್ಲಿ ಹೇಳಿಕೊಟ್ಟ: ಕೈ ಅಡ್ಡ ಹಿಡಿದು ಸಾಕು ಅನ್ನು, ಬಡಿಸೋದು ನಿಲ್ಲಿಸ್ತಾರೆ. ಅದೇ ಅವಳು ಕಲಿತ ಮೊದಲ ಕನ್ನಡ ಮಾತು.

"ಸಾಯಂಕಾಲ ಎಲ್ಲರೂ ಕೂತಿದ್ದಾಗ ನಮ್ಮತ್ತೆ ಕೇಳಿದ್ರು, ಇವಳ ಹೆಸರಿಗೆ ಅರ್ಥ ಏನೋ ಅಂತ. ಇವರು ಹೇಳಿದ್ರು. 'ಹಂಗಂದ್ರೆ ನಮ್ಮ ಸಾಕಮ್ಮ ಅನ್ನು,' ಅಂದ್ರು ಅತ್ತೆ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನು ಯಾಕೆ ನಗ್ತಾರೆ ಅಂತ ಕೇಳಿದೆ. ಅದಕ್ಕೆ ಇವರು, ನಿನಗೆ ಒಳ್ಳೆ ಹೆಸರು ಇಟ್ಟಿದಾರೆ, ಸಾಕು ಅಂದ್ರೆ ಸಾಕಿ ಬೆಳೆಸೋಳು, ತಾಯಿ ಇದ್ದ ಹಾಗೆ, ಅಂದ್ರು."

"ನಿಮಗೆ ಆಗ್ಲೇ ಗೊತ್ತಾಗಿತ್ತಾ?"

ತೋಮೆ ಬೀನ್ಸಿನ ನಾರು ತೆಗೆಯುತ್ತ ಹೇಳಿದರು: "ಮಧ್ಯಾಹ್ನ ಕಲಿತ ಮಾತನ್ನ ಸಾಯಂಕಾಲಕ್ಕೆ ಮರೆಯಕ್ಕಾಗುತ್ತೇನಮ್ಮ?"

ಗೊತ್ತಿದ್ದೂ ಸುಮ್ಮನಿದ್ದರು. ಎನ್ಸ್‌ಕೆಡೆಯ ಬಟ್ಟೆ ಮಿಲ್ಲಿನಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಇಲ್ಲಿಗೆ ಬಂದರು. ಆಗ ಈ ದೇಶದಲ್ಲಿ ಬೆರಳೆಣಿಕೆಯ ಕನ್ನಡದವರು. ಯುಗಾದಿಗೂ ದೀಪಾವಳಿಗೂ ಎಲ್ಲರೂ ಸೇರುತ್ತಿದ್ದದ್ದು ಇವರ ಮನೆಯಲ್ಲೇ. ಆಕೆ ಒಬ್ಬರೇ ನಿಂತು ಅಷ್ಟೂ ಜನರಿಗೆ ಹೋಳಿಗೆ ಮಾಡುತ್ತಿದ್ದರು. ಊಟಕ್ಕೆ ಕೂತಾಗ ಯಾರಾದರೂ ಬೇಕೆಂದೇ ತಟ್ಟೆಗೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ "ಸಾಕು" ಎನ್ನುವುದು. ಆಕೆ ಅಡುಗೆಮನೆಯಿಂದ "ಬಂದೆ" ಎಂದು ಸೆರಗಿಗೆ ಕೈ ಒರೆಸಿಕೊಂಡು ಓಡಿಬರುವುದು. ಆಗ ಮನೆಯೆಲ್ಲ ನಗು. ಇದನ್ನು ಶುರುಮಾಡಿದವರು ನರಹರಿ. ಮೊದಲು ಅನಂತರಾಮಯ್ಯನವರ ಕೈಕೆಳಗೆ ಕೆಲಸ ಕಲಿತು, ಆಮೇಲೆ ಆಮ್ಸ್ಟರ್‌ಡ್ಯಾಮಿಗೆ ಹೋಗಿ ದೊಡ್ಡವರಾದವರು. ಎರಡನೇ ಸಲ ಬಸಿರು ನಿಲ್ಲದೆ ತೋಮೆ ಆಸ್ಪತ್ರೆಯಿಂದ ಬಂದ ವಾರವೂ ನರಹರಿ ಊಟಕ್ಕೆ ಬಂದಿದ್ದರು. "ದೇವರಿಗೆ ನಿಮ್ಮ ಹೆಸರು ಕೇಳ್ಸಿರಬೇಕು, ಅದಕ್ಕೇ ಮಕ್ಕಳೇ ಸಾಕು ಅಂದ್ಬಿಟ್ಟ," ಎಂದಿದ್ದರು. ಗಂಡ ನಕ್ಕಿದ್ದರು. ಆಕೆ ಮಜ್ಜಿಗೆ ಬಡಿಸಿದ್ದರು.

* * *

ಚಿತಾಗಾರದ ಹೊರಗೆ ನರಹರಿ ಸೊಂಟದ ಮೊಬೈಲ್ ಫೋನನ್ನು ಸರಿಪಡಿಸಿಕೊಳ್ಳುತ್ತ ನಿಂತಿದ್ದರು. ಚೇತನ್ ಮತ್ತು ಭಾವನಾ ಗಾಲಿಕುರ್ಚಿಯನ್ನು ಕಾರಿನಿಂದ ಇಳಿಸಿದೊಡನೆ ಓಡಿಬಂದು ಮುದುಕರ ಎಡಗೈ ಹಿಡಿದರು.

"ಏನ್ ಸರ್ ಹಿಂಗಾಗೋಯ್ತು. ನಾನಿದೀನಿ, ಡೋಂಟ್ ವರಿ."

"ಸಾಕು," ಎಂದರು ಅನಂತರಾಮಯ್ಯ.

"ನೋಡು ಭಾವನಾ, ಈಗ್ಲೂ ಅವರನ್ನೇ ಕರೀತಿದಾರೆ." ನರಹರಿಯ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಒಳಗೆ ಕಾಯುವ ಕೋಣೆಯಲ್ಲಿ ತೋಮೆಯ ತಂಗಿ ಸುಯೆ ಮತ್ತು ಆಕೆಯ ಮಗಳು ಮಿದೋರಿ ಕೂತಿದ್ದರು. ಹಿಂದಿನ ದಿನವಷ್ಟೇ ಜಪಾನಿನಿಂದ ಬಂದಿಳಿದವರು. ಸುಯೆ ಅಕ್ಕನಂತೆಯೇ ಗಿಡ್ಡ, ಅಕ್ಕನದೇ ಹಣೆ. ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಹಿಡಿದಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು. ಮಗಳು ಅಮ್ಮನ ಪರವಾಗಿ ಅಲ್ಲಿನ ಅಧಿಕಾರಿಣಿಯ ಹತ್ತಿರ ಏನೋ ಕೇಳುತ್ತಿದ್ದಳು. ಸುಟ್ಟ ಮೇಲೆ ಮನೆಯವರು ಸೇರಿ ಮೂಳೆ ಆರಿಸುವುದು ತಮ್ಮ ಪದ್ಧತಿ, ಅಮ್ಮ ಅದಕ್ಕೇ ಬಂದಿದ್ದಾಳೆ, ಎಷ್ಟು ಹೊತ್ತು ಕಾಯಬೇಕು?

ಅಧಿಕಾರಿಣಿ ಮೃದುವಾಗಿಯೇ ಹೇಳಿದಳು. ಇಲ್ಲಿ ಮೂಳೆ ಕೊಡುವ ಕ್ರಮವಿಲ್ಲ. ಯಂತ್ರದಲ್ಲಿ ಪುಡಿ ಮಾಡುತ್ತಾರೆ. ಆ ಪುಡಿಯೂ ಒಂದು ತಿಂಗಳು ಇಲ್ಲೇ ಇರಬೇಕು, ಕಾನೂನು ಹಾಗಿದೆ. ಆಮೇಲೆ ಗಂಡನ ಒಪ್ಪಿಗೆ ಇದ್ದರೆ ಕೇಳಿದವರಿಗೆ ಕೊಡಬಹುದು.

ಮಿದೋರಿ ಅದನ್ನು ಅಮ್ಮನಿಗೆ ಹೇಳಿದಳು. ಪುಡಿಯ ಮಾತನ್ನು ಹೇಳಿದಳೋ ಇಲ್ಲವೋ ಭಾವನಾಳಿಗೆ ತಿಳಿಯಲಿಲ್ಲ. ಸುಯೆ ತಲೆಯಾಡಿಸಿ ಪೆಟ್ಟಿಗೆಯನ್ನು ಕುರ್ಚಿಯ ಕೆಳಗೆ ಇಟ್ಟಳು.

ಸಭಾಂಗಣದಲ್ಲಿ ಹೆಚ್ಚು ಜನರಿರಲಿಲ್ಲ. ಆಮ್ಸ್ಟರ್‌ಡ್ಯಾಮಿನಿಂದ, ವೆಲ್ಡ್‌ಹೋವನ್‌ನಿಂದ ಬಂದ ಕೆಲವು ಕನ್ನಡ ಕುಟುಂಬಗಳು, ಮಿಲ್ಲಿನ ಕಾಲದ ಇಬ್ಬರು ಡಚ್ ಮುದುಕರು, ಪಕ್ಕದ ಮನೆಯ ಹೆಂಗಸು. ಎದುರಿಗೆ ತಿಳಿ ಬಣ್ಣದ ಮರದ ಶವಪೆಟ್ಟಿಗೆ, ಅದರ ಮೇಲೆ ಭಾವನಾ ತಂದಿಟ್ಟ ಸೇವಂತಿಗೆ. ಎಲ್ಲರಿಗೂ ತಿಳಿಯಲೆಂದು ನರಹರಿ ಇಂಗ್ಲಿಷಿನಲ್ಲಿ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಆಕೆಯ ಹೋಳಿಗೆ, ಆಕೆ ಮದುವೆ ಮಾಡಿಸಿದ ಜೋಡಿಗಳು, ಜ್ವರ ಬಂದ ಬ್ರಹ್ಮಚಾರಿಗಳಿಗೆ ಆಕೆ ಸೈಕಲ್ಲಿನಲ್ಲಿ ತಂದುಕೊಟ್ಟ ಸಾರು. ಮಿದೋರಿ ಅಮ್ಮನ ಕಿವಿಯಲ್ಲಿ ಪಿಸುದನಿಯಲ್ಲಿ ಎಲ್ಲವನ್ನೂ ಹೇಳುತ್ತಿದ್ದಳು. ಸುಯೆಯ ಮುಖ ಅರಳುತ್ತ ಬಂತು.

"ನಾವೆಲ್ಲ ಆಕೆಯನ್ನು ಸಾಕಮ್ಮ ಎನ್ನುತ್ತಿದ್ದೆವು," ಎಂದರು ನರಹರಿ. "ಕಾರಣ ಹೇಳಬೇಕು, ಆಕೆ ಇದ್ದಿದ್ದರೆ ಆಕೆಯೂ ನಗುತ್ತಿದ್ದರು. ಜಪಾನಿಯಲ್ಲಿ ತೋಮೆ ಎಂದರೆ ನಿಲ್ಲಿಸು ಎಂದರ್ಥವಂತೆ. ಹೆಣ್ಣುಮಕ್ಕಳು ಹುಟ್ಟಿ ಹುಟ್ಟಿ ಬೇಸತ್ತ ಅಪ್ಪ ಇಟ್ಟ ಹೆಸರು. ಅನಂತರಾಮ್ ಸರ್ ಅದನ್ನು ಅಚ್ಚ ಕನ್ನಡಕ್ಕೆ ಅನುವಾದ ಮಾಡಿದರು. ಸಾಕು, ಅಂದರೆ ಇನಫ್. ಊಟದ ನಡುವೆ ನಾವು ಸಾಕು ಎಂದರೆ ಆಕೆ ತನ್ನನ್ನೇ ಕರೆದರೆಂದು ಓಡಿಬರುತ್ತಿದ್ದರು. ಮೂವತ್ತು ವರ್ಷ ಓಡಿಬಂದರು. ಕೊನೆಗೂ ಆಕೆಗೆ ಗೊತ್ತೇ ಆಗಲಿಲ್ಲ. ಅಂಥ ಮುಗ್ಧೆ."

ಕನ್ನಡದವರು ನಕ್ಕರು. ದುಃಖದ ನಡುವೆ ಸಿಕ್ಕ ನಗು, ಸ್ವಲ್ಪ ಜೋರಾಗಿಯೇ ಬಂತು. ಡಚ್ಚರೂ ಮರ್ಯಾದೆಗೆ ನಕ್ಕರು. ಚೇತನ್ ಕೂಡ ಮುಗುಳ್ನಕ್ಕದ್ದನ್ನು ಭಾವನಾ ನೋಡಿದಳು. ಮಿದೋರಿಯ ಪಿಸುಮಾತು ಮಾತ್ರ ನಿಂತುಹೋಗಿತ್ತು. ಎಲ್ಲರೂ ನಗುತ್ತಿರುವುದನ್ನು ಕಂಡು ಸುಯೆ ತಾನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಗಳ ತೋಳು ಮುಟ್ಟಿ ಏನಂತೆ ಎಂದು ಕೇಳಿದಳು. ಮಗಳು ಸೇವಂತಿಗೆಯ ಕಡೆ ಮುಖ ತಿರುಗಿಸಿದಳು.

ಆಗ ಭಾವನಾಳ ಪಕ್ಕದಲ್ಲೇ ಇನ್ನೊಂದು ಸದ್ದು ಕೇಳಿತು. ಗೊರಗೊರ ಎನ್ನುವ, ಗಂಟಲಿನ ಕೆಳಗಿನಿಂದ ಬರುವ ಸದ್ದು. ಮುದುಕರಿಗೆ ಉಸಿರು ಕಟ್ಟಿತೆಂದು ಗಾಬರಿಯಾಗಿ ತಿರುಗಿದಳು. ಅನಂತರಾಮಯ್ಯ ನಗುತ್ತಿದ್ದರು. ಬಾಯಿಯ ಎಡಭಾಗ ಮಾತ್ರ ಮೇಲಕ್ಕೆ ಹೋಗಿತ್ತು, ಭುಜ ಕುಲುಕುತ್ತಿತ್ತು. ಎಲ್ಲರ ನಗು ನಿಂತ ಮೇಲೂ ಅವರದು ಇನ್ನೂ ಸ್ವಲ್ಪ ಹೊತ್ತು ನಡೆಯಿತು.

* * *

ಕಾಯಿಲೆ ಬಿದ್ದ ಹೊಸದರಲ್ಲಿ, ಮಾತು ಕಲಿಸಲು ಬರುತ್ತಿದ್ದ ಡಚ್ ಹುಡುಗಿ ತೋಮೆಯನ್ನು ಕೇಳಿದ್ದಳು, ಇವರು ಯಾವಾಗಲೂ ಹೇಳುವ ಆ ಮಾತು ಏನು ಎಂದು. ಭಾವನಾ ಅಲ್ಲೇ ಇದ್ದಳು.

"ನನ್ನ ಹೆಸರು," ಎಂದಿದ್ದರು ತೋಮೆ. "ನನ್ನನ್ನ ಕರೀತಾರೆ."

ಅದು ಸುಳ್ಳೇನಲ್ಲ ಎಂದುಕೊಂಡಿದ್ದಳು ಭಾವನಾ. ತೋಮೆ ಊಟ ಮಾಡಿಸುವುದನ್ನು ಒಂದು ದಿನ ನೋಡಿದಳು. ಅನ್ನವನ್ನು ಮೆತ್ತಗೆ ಕಲಸಿ ಚಮಚದಲ್ಲಿ ಕೊಡುತ್ತಿದ್ದರು. ಅರ್ಧ ಬಟ್ಟಲಾಗುವಾಗ ಮುದುಕರು ಮುಖ ತಿರುಗಿಸಿ "ಸಾಕು" ಎಂದರು.

"ಕರೆದ್ರಾ? ಇಲ್ಲೇ ಇದೀನಿ," ಎಂದು ತೋಮೆ ಮತ್ತೊಂದು ಚಮಚ ಎತ್ತಿದರು.

"ಸಾಕು. ಸಾಕು."

"ಹೂಂ, ಬಂದೆ."

ಬಟ್ಟಲು ಖಾಲಿಯಾದ ಮೇಲೆ ಪಾತ್ರೆಯಿಂದ ಇನ್ನಷ್ಟು ಹಾಕಿಕೊಂಡರು. ಮುದುಕರ ಕಣ್ಣಲ್ಲಿ ನೀರು ತುಂಬಿತ್ತು. ದನಿಯಲ್ಲಿ ಸಿಟ್ಟಿಲ್ಲ, ಕೈಯಲ್ಲಿ ಆತುರವಿಲ್ಲ. ಮಗುವಿಗೆ ತಿನ್ನಿಸುವ ಹಾಗೆ ತೋಮೆ ಗಲ್ಲ ಒರೆಸಿ ಒರೆಸಿ ತಿನ್ನಿಸುತ್ತಿದ್ದರು. ಭಾವನಾಳಿಗೆ ತಡೆಯಲಾಗಲಿಲ್ಲ.

"ಆಂಟಿ, ಬಿಡಿ. ಅವರಿಗೆ ಹೊಟ್ಟೆ ತುಂಬಿದೆ ಅನ್ಸುತ್ತೆ."

ತೋಮೆ ಚಮಚ ಕೆಳಗಿಟ್ಟು ಅವಳ ಕಡೆ ನೋಡಿದರು. "ನೀನು ಒಳ್ಳೆ ಹುಡುಗಿ," ಎಂದರು. ಅಂದಿನಿಂದ ಭಾವನಾ ಬಂದಾಗ ಊಟ ಮಾಡಿಸುತ್ತಿರಲಿಲ್ಲ.

ಅವರು ಸತ್ತದ್ದು ಒಂದು ಮಂಗಳವಾರ ಬೆಳಿಗ್ಗೆ, ಅಡುಗೆಮನೆಯ ನೆಲದ ಮೇಲೆ, ಹೃದಯಾಘಾತದಿಂದ. ಅನಂತರಾಮಯ್ಯ ಗಾಲಿಕುರ್ಚಿಯಲ್ಲಿ ಊಟದ ಮೇಜಿಗೆ ಒರಗಿ ಕೂತಿದ್ದರು. ಅಲ್ಲಿಂದ ಆಕೆಯ ಪಾದ ಮಾತ್ರ ಕಾಣುತ್ತಿತ್ತು. ಚಕ್ರಕ್ಕೆ ಬ್ರೇಕ್ ಹಾಕಿತ್ತು. ಮಧ್ಯಾಹ್ನ ಭಾವನಾ ಬಂದು ಬಾಗಿಲು ತೆಗೆಸಲು ಪಕ್ಕದ ಮನೆಯಾಕೆಯ ಹತ್ತಿರ ಬೀಗದ ಕೈ ಕೇಳಿದಾಗ ಆಕೆ ಹೇಳಿದಳು: "ಮನೆಯಲ್ಲೇ ಇರಬೇಕು. ಬೆಳಗಿನಿಂದ ಅವರು ಹೆಂಡತಿಯನ್ನ ಕೂಗ್ತಾನೇ ಇದಾರೆ, ದಿನಾ ಕೂಗೋ ಹಾಗೆ."

* * *

ಕಾಫಿಯ ಕೋಣೆಯಲ್ಲಿ ಕೇಕಿನ ತುಂಡುಗಳನ್ನು ಹಂಚುತ್ತಿದ್ದರು. ನರಹರಿಯ ಸುತ್ತ ಜನ ಸೇರಿದ್ದರು, ಬಹಳ ಚೆನ್ನಾಗಿ ಮಾತಾಡಿದಿರಿ ಎನ್ನುತ್ತಿದ್ದರು. ಮಿದೋರಿ ಅಮ್ಮನನ್ನು ಕರೆದುಕೊಂಡು ಭಾವನಾಳ ಬಳಿಗೆ ಬಂದಳು.

"ಅಮ್ಮ ಒಂದು ಮಾತು ಕೇಳಬೇಕಂತೆ," ಎಂದಳು ಇಂಗ್ಲಿಷಿನಲ್ಲಿ. ಅವಳ ಮುಖ ಬಿಗಿದಿತ್ತು. "ದೊಡ್ಡಮ್ಮ ಪ್ರತಿ ಹೊಸ ವರ್ಷಕ್ಕೆ ಫೋನ್ ಮಾಡುತ್ತಿದ್ದರು. ನಿಮ್ಮವರು ತಮಗೆ ಬೇರೆ ಹೆಸರು ಇಟ್ಟಿದ್ದಾರೆ, ಅದಕ್ಕೆ ಸಾಕಿ ಬೆಳೆಸುವವಳು ಎಂದರ್ಥ ಎಂದು ಹೇಳಿದ್ದರಂತೆ. ಅದು ನಿಜವೇ ಎಂದು ಅಮ್ಮ ಕೇಳುತ್ತಿದ್ದಾಳೆ."

ಸುಯೆ ಕತ್ತೆತ್ತಿ ಭಾವನಾಳನ್ನೇ ನೋಡುತ್ತಿದ್ದಳು. ಮಿದೋರಿ ನೆಲ ನೋಡುತ್ತಿದ್ದಳು.

"ನಿಜ," ಎಂದಳು ಭಾವನಾ. "ಸಾಕುವುದು ಅಂದರೆ ಅದೇ. ಅನ್ನ ಹಾಕಿ ಬೆಳೆಸುವುದು. ನಮ್ಮಲ್ಲಿ ತಾಯಿಗೆ ಸಮನಾದವರಿಗೆ ಹೇಳುವ ಮಾತು."

ಮಿದೋರಿ ಅದನ್ನು ಒಂದಕ್ಷರ ಬಿಡದಂತೆ ನಿಧಾನವಾಗಿ ಹೇಳಿದಳು. ಸುಯೆ ಎರಡು ಸಲ ತಲೆ ಬಾಗಿಸಿದಳು. ಆಮೇಲೆ ಅವಳೇ ಮಾತಿಗೆ ಶುರುಮಾಡಿದಳು. ಮಗಳು ಅಲ್ಲಲ್ಲಿ ತಡೆದು ತಡೆದು ಇಂಗ್ಲಿಷಿಗೆ ತಂದಳು.

"ಅಕ್ಕನ ಹೆಸರು ಫಲ ಕೊಡಲಿಲ್ಲ. ಅವಳಾದ ಮೇಲೆ ನಾನು ಹುಟ್ಟಿದೆ, ಐದನೆಯ ಹೆಣ್ಣು. ನನಗೆ ಸುಯೆ ಎಂದು ಇಟ್ಟರು, ಕೊನೆ ಎಂದರ್ಥ. ನನ್ನ ಮೇಲೆ ಅಪ್ಪನಿಗೆ ಸಿಟ್ಟು ಬರಲಿಲ್ಲ. ಅವಳ ಮೇಲೆ ಬಂತು. ನಾನು ಹುಟ್ಟಿದ ದಿನ ಅವಳನ್ನು ಎತ್ತಿ ಹೊರಗೆ ಹಿಮದಲ್ಲಿ ನಿಲ್ಲಿಸಿದನಂತೆ. ಆಗಿನ್ನೂ ಪುಟ್ಟ ಮಗು. ಅದೊಂದು ಕೆಲಸಕ್ಕೆ ಹುಟ್ಟಿದವಳು, ಅದನ್ನೂ ಮಾಡಲಿಲ್ಲ ಎಂದನಂತೆ. ಅವಳ ಎಡಗಾಲಿನ ಎರಡು ಬೆರಳು ಹೋದದ್ದು ಹಾಗೆ."

ತೋಮೆ ಮನೆಯೊಳಗೂ ದಪ್ಪ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಚಳಿಗೆಂದುಕೊಂಡಿದ್ದಳು ಭಾವನಾ.

"ಆ ಊರಿನಲ್ಲಿ ಯಾರೂ ಅವಳ ಹೆಸರನ್ನು ಸರಿಮಾಡಲಿಲ್ಲ," ಎಂದಳು ಸುಯೆ. "ಇಷ್ಟು ದೂರ ಬಂದ ಮೇಲೆ ಯಾರೋ ಸರಿಮಾಡಿದರಲ್ಲ. ನಾನು ಅಕ್ಕನ ಗಂಡನಿಗೆ ಥ್ಯಾಂಕ್ಸ್ ಹೇಳಬೇಕು."

ಭಾವನಾ ತಡೆಯುವಷ್ಟರಲ್ಲಿ ಸುಯೆ ಗಾಲಿಕುರ್ಚಿಯ ಮುಂದೆ ಹೋಗಿ ನಿಂತಳು. ಸೊಂಟ ಬಾಗಿಸಿ, ಹಣೆ ಮುದುಕರ ಮೊಣಕಾಲಿಗೆ ತಾಗುವಷ್ಟು ಬಗ್ಗಿ, ಜಪಾನಿಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಮೇಲೇಳಲಿಲ್ಲ. ಜಪಾನಿ ಅರ್ಥವಾಗುತ್ತಿದ್ದ ಅನಂತರಾಮಯ್ಯ ಆ ನರೆತ ನೆತ್ತಿಯನ್ನು ನೋಡಿದರು; ಆಮೇಲೆ ನರಹರಿಯ ಕಡೆ ನೋಡಿದರು. ಬಾಯಿಯ ಎಡಭಾಗ ಮತ್ತೆ ಮೇಲಕ್ಕೆ ಹೋಯಿತು.

* * *

ತಾಯಿ-ಮಗಳನ್ನು ರೈಲಿಗೆ ಬಿಟ್ಟುಬರಲು ಚೇತನ್ ಹೋದ. ಸುಯೆ ಪೆಟ್ಟಿಗೆಯ ಬಿಳಿ ಬಟ್ಟೆಯನ್ನು ಬಿಚ್ಚಿರಲಿಲ್ಲ. ನರಹರಿ, "ಟ್ರಾಫಿಕ್ ಜಾಸ್ತಿ ಆಗೋಗುತ್ತೆ ಕಣಮ್ಮ, ಹೊರಡ್ತೀನಿ. ಸರ್‌ನ ನೀನೇ ಸ್ವಲ್ಪ ನೋಡ್ಕೊ," ಎಂದು ಕಾರು ಹತ್ತಿದರು. ಭಾವನಾ ಮುದುಕರೊಂದಿಗೆ ಟ್ಯಾಕ್ಸಿಯಲ್ಲಿ ಶುಶ್ರೂಷಾಲಯಕ್ಕೆ ಮರಳಿದಳು. ದಾರಿಯಲ್ಲಿ ಅವರ ಮೊಣಕಾಲಿನ ಮೇಲಿಂದ ಕಂಬಳಿ ಜಾರಿತು. ಅವಳು ಎತ್ತಿ ಹೊದಿಸಲಿಲ್ಲ.

ಅಲ್ಲಿ ಆಗಲೇ ಸಾಯಂಕಾಲದ ಬಿಸಿಯೂಟದ ಹೊತ್ತು. ಹೆನ್ನಿ ಮುದುಕರ ಕತ್ತಿಗೆ ಬಟ್ಟೆ ಕಟ್ಟಿ, ಹಿಸುಕಿದ ಆಲೂಗಡ್ಡೆಯ ತಟ್ಟೆಯನ್ನೂ ಸೇಬಿನ ಗೊಜ್ಜಿನ ಬಟ್ಟಲನ್ನೂ ಹತ್ತಿರ ಎಳೆದುಕೊಂಡು ಕೂತಳು. ಮುದುಕರು ಮೊದಲು ಆಸೆಯಿಂದಲೇ ತಿಂದರು. ಚಿತಾಗಾರದಲ್ಲಿ ಏನೂ ತಿಂದಿರಲಿಲ್ಲ. ಅರ್ಧ ತಟ್ಟೆಯಾಗುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿದರು.

"ಸಾಕು."

ಹೆನ್ನಿ ಚಮಚ ಹಿಡಿದುಕೊಂಡು ಭಾವನಾಳ ಕಡೆ ತಿರುಗಿದಳು. "ನೀನು ಇರೋದು ಒಳ್ಳೇದಾಯ್ತು. ಒಂದು ವಾರದಿಂದ ಇದೊಂದೇ ಮಾತು ಹೇಳ್ತಾರೆ. ಇಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ. ಏನು ಕೇಳ್ತಿದಾರೆ? ಗೊತ್ತಾದ್ರೆ ಎಲ್ಲರಿಗೂ ಹೇಳಿಡ್ತೀನಿ."

ಹೆನ್ನಿಯ ಡಚ್ ಮುದುಕರಿಗೆ ಅರ್ಥವಾಗಿತ್ತು. ಅವರೂ ತಲೆ ತಿರುಗಿಸಿ ಭಾವನಾಳನ್ನು ನೋಡಿದರು. ಕಣ್ಣು ನಿಚ್ಚಳವಾಗಿತ್ತು. ಒಳ್ಳೆಯ ಎಡಗೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

ಭಾವನಾ ತನ್ನ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡಳು.

"ಅವರ ಹೆಂಡತಿಯ ಹೆಸರು ಅದು," ಎಂದಳು. "ಕರೀತಿದಾರೆ."

ಹೆನ್ನಿಯ ಕಣ್ಣು ತುಂಬಿಬಂತು. "ಅಯ್ಯೋ ದೇವರೇ," ಎಂದು ಮುದುಕರ ಕೆನ್ನೆ ಸವರಿದಳು. "ಅವರು ಇನ್ನು ಬರೋದಿಲ್ಲ, ಯಜಮಾನರೇ. ನಾನಿದೀನಲ್ಲ. ನಾವೆಲ್ಲ ಇದೀವಿ." ಚಮಚದ ತುಂಬ ಆಲೂಗಡ್ಡೆ ತೆಗೆದುಕೊಂಡು, ಮೇಲೆ ಸ್ವಲ್ಪ ಸೇಬಿನ ಗೊಜ್ಜು ಇಟ್ಟು, ಅವರ ಮುಚ್ಚಿದ ತುಟಿಯ ಬಳಿ ಹಿಡಿದು ತಾಳ್ಮೆಯಿಂದ ಕಾದಳು.

ಮುದುಕರು ಭಾವನಾಳನ್ನು ನೋಡುತ್ತಲೇ ಇದ್ದರು. ಆಮೇಲೆ, ಹೇಳಲೆಂದು, ಬಾಯಿ ತೆರೆದರು. ಚಮಚ ಒಳಗೆ ಹೋಯಿತು.